ಅಜ್ಜ ಅಜ್ಜಿ ಘಾನಾಕ್ಕೆ ಯಾಕೆ ಹೋದ್ರು? – ಓದುಗರ ಪ್ರಶ್ನೆ, ಪಕ್ಕದ್ಮನೆಯವಳ ಉತ್ತರ

ಕಳೆದ ಸಂಚಿಕೇಲಿ ನಮ್ಮ ಪಕ್ಕದ್ಮನೆ ಅಮೆರಿಕನ್ ದಂಪತಿ ರಿಟೈರ್ ಆದ್ಮೇಲೆ ತಮ್ಮ ಮಾರ್ಮನ್ ಚರ್ಚ್ ಕಡೆಯಿಂದ ಮಿಷನ್ ಅಂತ, ಅಂದ್ರೆ ಧರ್ಮಪ್ರಚಾರ ಮತ್ತೆ ಸೇವೆಗೆ ಅಂತ, ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೋಗಿ ಬಂದಿದ್ದನ್ನ ಎರಡೇ ಸಾಲಲ್ಲಿ ಬರ್ದಿದ್ದೆ. ಅದಕ್ಕೆ ಬಂದಷ್ಟು ಪ್ರಶ್ನೆ ವೀಸಾ ಬಗ್ಗೆ ಬರೆದಾಗ್ಲೂ ಬಂದಿರ್ಲಿಲ್ಲ, ಹಾಗಾಗಿ ಈ ಸಲ ಬೇರೆ ಪತ್ರಗಳನ್ನೆಲ್ಲ ಮುಂದಕ್ಕೆ ಹಾಕಿ ಇದೊಂದೇ ವಿಷಯ ತಗೊಂಡಿದೀನಿ. ನಾನಿರೋದು ಯೂಟಾದಲ್ಲಿ, ಸಾಲ್ಟ್ ಲೇಕ್ ಸಿಟಿ ಹತ್ರ. ನಾನು ಆ ಚರ್ಚಿನವಳಲ್ಲ, ಬರೀ ಪಕ್ಕದ್ಮನೆಯವಳು, ಅದನ್ನ ಮೊದ್ಲೇ ಹೇಳಿಬಿಡ್ತೀನಿ.

ಪ್ರ: ಮಗನ ಮನೆಗೆ ಅಂತ ಯೂಟಾಕ್ಕೆ ಬಂದಿದೀನಿ. ಎದುರುಮನೆ ಅಜ್ಜ ಅಜ್ಜಿ, ಎಪ್ಪತ್ತರ ಹತ್ರ ಇರ್ಬಹುದು, ಕಾರು ಮಾರಿ, ಮನೆ ಬೀಗ ಮಗಳ ಕೈಗೆ ಕೊಟ್ಟು ಮಿಷನ್ನಿಗೆ ಹೊರಟಿದಾರೆ. ಈ ವಯಸ್ಸಲ್ಲಿ ಯಾಕೆ? ಮಕ್ಕಳು ನೋಡ್ಕೊಳ್ತಿಲ್ವಾ? ಚರ್ಚ್‌ನೋರು ಸಂಬಳ ಚೆನ್ನಾಗಿ ಕೊಡ್ತಾರಾ?
– ವಿಜಯನಗರದ ಓದುಗರು, ಸದ್ಯ ಯೂಟಾ

ಅಮ್ಮಾ, ಸಂಬಳಾನೇ ಇಲ್ಲ, ಉಲ್ಟಾ ಇವರೇ ಕೈಯಿಂದ ಹಾಕ್ಬೇಕು. ಬಾಡಿಗೆ, ಊಟ, ಫೋನು, ಎಲ್ಲಾನೂ ತಮ್ಮ ಪೆನ್ಷನ್ನಿಂದ, ಉಳಿತಾಯದಿಂದ. ಬಾಡಿಗೆ ವಿಷಯಕ್ಕೆ ಮಾತ್ರ 2011ರಲ್ಲಿ ಚರ್ಚು ಒಂದು ಮಿತಿ ಹಾಕ್ತು, ತಿಂಗಳಿಗೆ 1,400 ಡಾಲರ್ ದಾಟಿದ್ರೆ ಮೇಲಿನದ್ದು ಚರ್ಚು ಕೊಡುತ್ತೆ ಅಂತ, ಯಾಕಂದ್ರೆ ಕೆಲವು ದೊಡ್ಡ ಸಿಟಿಗಳ ಬಾಡಿಗೆ ನೋಡಿ ಎಷ್ಟೋ ಜನ ಹೋಗೋಕೇ ಹೆದರ್ತಿದ್ರು. ಇನ್ನೊಂದು ತಲೆನೋವು ಅಂದ್ರೆ ಅಮೆರಿಕದ ಹಿರಿಯರಿಗೆ ಸರ್ಕಾರ ಕೊಡೋ ಮೆಡಿಕೇರ್ ಇನ್ಶೂರೆನ್ಸು ಹೊರದೇಶದಲ್ಲಿ ಹೆಚ್ಚುಕಮ್ಮಿ ಕೆಲಸಕ್ಕೇ ಬರಲ್ಲ, ಅದಕ್ಕೆ ಬೇರೆ ಪಾಲಿಸಿ ಮಾಡಿಸ್ಬೇಕು.

ಮಕ್ಕಳು ನೋಡ್ಕೊಳ್ತಾರೆ ತಾಯೀ, ಸಾಮಾನ್ಯವಾಗಿ ಮಕ್ಕಳೇ ಏರ್‌ಪೋರ್ಟಿಗೆ ಬಂದು ಬಿಟ್ಟು ಹೋಗೋದು. ಇದು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್ ಅನ್ನೋ ಚರ್ಚು, ಜನ ಮಾರ್ಮನ್ ಅಂತಿದ್ರು, 2018ರಿಂದ ಪೂರ್ತಿ ಹೆಸರಲ್ಲೇ ಕರೀರಿ ಅಂತ ಅವರೇ ಹೇಳ್ತಿದಾರೆ. ಇವರಲ್ಲಿ ಹುಡುಗ್ರು ಹದಿನೆಂಟು ತುಂಬಿದ್ಮೇಲೆ ಎರಡು ವರ್ಷ ಮಿಷನ್ನಿಗೆ ಹೋಗೋ ಪದ್ಧತಿ ಇದೆ, ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜ್, ನೀವೂ ನೋಡಿರ್ತೀರ. ಹುಡುಗನಾಗಿದ್ದಾಗ ಹೋಗಿ ಬಂದವ್ನು ರಿಟೈರ್ ಆದ್ಮೇಲೆ ಹೆಂಡತಿ ಜೊತೆ ಇನ್ನೊಂದ್ಸಲ ಹೋಗ್ಬೇಕು ಅಂತ ಜೀವಮಾನವಿಡೀ ಅಂದ್ಕೊಂಡಿರ್ತಾನೆ, ನಮ್ಮಲ್ಲಿ ರಿಟೈರ್ ಆದ್ಮೇಲೆ ಕಾಶಿ ಅಂತೀವಲ್ಲ ಹಾಗೆ, ಆದ್ರೆ ಇಲ್ಲಿ ಹೋದ ಜಾಗದಲ್ಲಿ ದಿನಾ ಡ್ಯೂಟಿ ಇರುತ್ತೆ. ಆರು ತಿಂಗಳಿಂದ ಇಪ್ಪತ್ಮೂರು ತಿಂಗಳವರೆಗೆ ಅವಧಿ, ಮನೇಲಿ ಸಾಕಬೇಕಾದ ಚಿಕ್ಕ ಮಕ್ಕಳಿರಬಾರದು, ಡಾಕ್ಟರು, ಡೆಂಟಿಸ್ಟು ಇಬ್ರೂ ಚೆಕ್ ಮಾಡಿ ಸೈನ್ ಹಾಕ್ಬೇಕು. ಎಲ್ಲಿಗೆ ಹೋಗ್ಬೇಕು, ಏನು ಕೆಲಸ ಬರುತ್ತೆ ಅಂತ ತಮ್ಮ ಇಷ್ಟ ಬರೆದುಕೊಡಬಹುದು, ಆದ್ರೆ ಕೊನೆಗೆ ಸಾಲ್ಟ್ ಲೇಕ್‌ನಲ್ಲಿರೋ ಚರ್ಚಿನ ಹೆಡ್ ಆಫೀಸಿಂದ ಯಾವ ಊರಿನ ಹೆಸರು ಬರುತ್ತೋ ಅದೇ. ನಮ್ಮ ಪಕ್ಕದ್ಮನೆಯವರು ಸ್ಕಾಟ್ಲೆಂಡ್ ಅಂತ ಬರೆದಿದ್ರು, ಬಂದಿದ್ದು ಘಾನಾದ ರಾಜಧಾನಿ ಅಕ್ರಾ. ಯೆಲ್ಲೋ ಫೀವರ್ ಇಂಜೆಕ್ಷನ್ ಸರ್ಟಿಫಿಕೇಟ್ ಇಲ್ದೆ ಘಾನಾ ಒಳಗೇ ಬಿಡಲ್ಲ, ಅದರ ಜೊತೆ ಮಲೇರಿಯಾ ಮಾತ್ರೆ ಬೇರೆ.

ಪ್ರ: ದಿನವಿಡೀ ಮನೆಮನೆ ಬಾಗಿಲು ತಟ್ಟೋದೇ ಕೆಲಸಾನಾ? ಅಷ್ಟು ವಯಸ್ಸಾದೋರಿಗೆ ಆ ಬಿಸಿಲಲ್ಲಿ ಆಗುತ್ತಾ?
– ತುಮಕೂರಿನ ಓದುಗರು

ಬಾಗಿಲು ತಟ್ಟೋದು ಹುಡುಗ್ರ ಕೆಲಸ. ಹಿರಿಯರ ಪಾಲಿಗೆ ಬರೋದು ಆ ಹುಡುಗ್ರ ಬಾಗಿಲು ತಟ್ಟೋದು! ಸುಮ್ನೆ ಹೇಳ್ತಿಲ್ಲ. ಒಂದು ಪ್ರದೇಶದ ಮಿಷನ್ ಅಂದ್ರೆ ನೂರಾರು ಹುಡುಗ ಹುಡುಗೀರು, ಇಬ್ಬಿಬ್ಬರ ಜೋಡಿ, ಊರೂರಲ್ಲಿ ಬಾಡಿಗೆ ರೂಮು. ಆ ರೂಮುಗಳ ಅಗ್ರಿಮೆಂಟು, ಕರೆಂಟ್ ಬಿಲ್ಲು, ಗ್ಯಾಸ್ ಸಿಲಿಂಡರ್, ಹಾಸಿಗೆ, ಸೊಳ್ಳೆಪರದೆ, ನೀರಿನ ಫಿಲ್ಟರ್, ಮಾಲೀಕನ ಜೊತೆ ಜಗಳ, ಎಲ್ಲಾ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ. ನಮ್ಮ ಪಕ್ಕದ್ಮನೆ ಅಂಕಲ್ ಹೈಸ್ಕೂಲಲ್ಲಿ ಮ್ಯಾತ್ಸ್ ಮೇಷ್ಟ್ರು, ಆಂಟಿ ಒಂದು ಆಫೀಸಲ್ಲಿ ಅಕೌಂಟ್ಸ್, ಹಾಗಾಗಿ ಆಂಟಿಗೆ ಮಿಷನ್ ಆಫೀಸಿನ ಲೆಕ್ಕಪತ್ರ, ಅಂಕಲ್‌ಗೆ ಮನೆ ಮತ್ತೆ ಗಾಡಿಗಳ ಉಸ್ತುವಾರಿ. ನರ್ಸಾಗಿದ್ದೋರು ಹೋದ್ರೆ ಜ್ವರ ಬಂದ ಹುಡುಗ್ರ ಫೋನ್ ತಗೊಳ್ತಾರೆ, ಟೀಚರ್ ಆಗಿದ್ದೋರು ಕಾಲೇಜ್ ಮಕ್ಕಳಿಗೆ ಕ್ಲಾಸು ಮಾಡ್ತಾರೆ, ಕೆಲವರು ವೀಲ್‌ಚೇರು, ಕುಡಿಯೋ ನೀರು ಇಂಥ ಸಹಾಯದ ಕೆಲಸಕ್ಕೆ ಹೋಗ್ತಾರೆ. ಇನ್ನು ಕೆಲವರನ್ನ ಯಾವುದೋ ಸಣ್ಣ ಊರಿನ ಸಭೆಗೆ ಜೊತೆಗಿರಿ ಅಂತ ಹಾಕ್ತಾರೆ, ಅಲ್ಲಿ ಕಾಯಂ ಪಾದ್ರಿ ಅಂತ ಸಂಬಳದೋರು ಇರಲ್ಲ, ಊರಿನೋರೇ ಸರದಿ ಮೇಲೆ ನಡೆಸ್ಬೇಕು, ಅದಕ್ಕೆ ರಿಜಿಸ್ಟರ್ ಬರೆಯೋದು, ಪಾಠ ತಯಾರಿ ಮಾಡೋದು ಕಲಿಸ್ಕೊಡೋರು ಬೇಕು.

ಹೊರಡೋಕೆ ಮುಂಚೆ ಯೂಟಾದ ಪ್ರೊವೊ ಅನ್ನೋ ಊರಲ್ಲಿ ಸುಮಾರು ಒಂದು ವಾರ ಟ್ರೈನಿಂಗ್ ಇರುತ್ತೆ. ಅಲ್ಲಿ ಹೇಳಿಕೊಡೋದೇ ಬೇರೆ, ಘಾನಾದಲ್ಲಿ ಕಾದಿರೋದೇ ಬೇರೆ ಅಂತ ಆಂಟಿ ನಗ್ತಾರೆ. ಅಕ್ರಾದಲ್ಲಿ ಮನೆ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕು, ಅದನ್ನ ಅಲ್ಲಿ ಪಾಲಿಟ್ಯಾಂಕ್ ಅಂತಾರೆ, ಕಾರ್ಪೊರೇಷನ್ ನೀರು ಬಂದಾಗ ತುಂಬ್ಕೋಬೇಕು. ಕರೆಂಟ್ ಪ್ರೀಪೇಯ್ಡ್, ದುಡ್ಡು ಮುಗಿದ್ರೆ ಕತ್ತಲೆ, ದುಡ್ಡಿದ್ರೂ ಕತ್ತಲೆ ಆಗಬಹುದು. ನಮಗೆ ಇದ್ರಲ್ಲಿ ಏನ್ ಆಶ್ಚರ್ಯ ಹೇಳಿ, ಬೆಂಗಳೂರಿನೋರಿಗೆ ಹುಟ್ಟಿದಾಗಿಂದ ಗೊತ್ತು, ಆದ್ರೆ ಎಪ್ಪತ್ತು ವರ್ಷ ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ನೋಡಿದೋರಿಗೆ ಮೊದಲನೇ ತಿಂಗಳು ಅಳುವೇ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಸಹಾರಾ ಕಡೆಯಿಂದ ಹಾರ್ಮಟಾನ್ ಗಾಳಿ, ಸಣ್ಣ ಧೂಳು ಎಲ್ಲದರ ಮೇಲೂ ಕೂರುತ್ತೆ, ಲ್ಯಾಪ್‌ಟಾಪ್ ಕೀಬೋರ್ಡು ದಿನಾ ಒರೆಸ್ಬೇಕಿತ್ತಂತೆ. ಊರು ಬಿಟ್ಟು ಹೊರಗೆ ಹೋಗ್ಬೇಕಂದ್ರೆ ಪಿಕಪ್ ಗಾಡಿ ಹಿಂದೆ ಹಾಸಿಗೆ ಕಟ್ಕೊಂಡು ಬೆಳಿಗ್ಗೆ ಕತ್ತಲಲ್ಲೇ ಹೊರಡೋದು, ಟ್ರೋಟ್ರೋ ಅಂತ ಬಾಡಿಗೆ ವ್ಯಾನುಗಳು ಎಲ್ಲಿ ಬೇಕಾದ್ರೂ ಬ್ರೇಕ್ ಹಾಕ್ತಾವೆ, ಸಿಗ್ನಲ್ಲಲ್ಲಿ ತಲೆ ಮೇಲೆ ಬೇಸಿನ್ ಇಟ್ಕೊಂಡು ಹೆಂಗಸರು ಪ್ಯಾಕೆಟ್ ನೀರು, ಬಾಳೆ ಚಿಪ್ಸು ಮಾರ್ತಾ ಬರ್ತಾರೆ.

ಅದರಲ್ಲೂ ಚೆಂದದ ಭಾಗ ಅಂದ್ರೆ ರೂಮ್ ಚೆಕಿಂಗು. ಇಬ್ಬರು ಹುಡುಗ್ರು, ಒಬ್ಬ ನೈಜೀರಿಯಾದೋನು ಒಬ್ಬ ಅಮೆರಿಕದ ಐಡಹೋದೋನು, ಸಿಂಕ್ ತುಂಬ ಪಾತ್ರೆ ಬಿಟ್ಟು, ಇವರ ಗಾಡಿ ಸದ್ದು ಕೇಳಿದ ತಕ್ಷಣ ಎಲ್ಲಾ ಮಂಚದ ಕೆಳಗೆ ತಳ್ತಾರಂತೆ. ಆಂಟಿ ಹೋದವ್ರೇ ಮೊದ್ಲು ಮಂಚದ ಕೆಳಗೇ ಬಗ್ಗಿ ನೋಡೋರು, ಬೈದು ಆಮೇಲೆ ಬ್ಯಾಗಿಂದ ಕುಕೀಸ್ ತೆಗೆಯೋರು. ನಿಯಮದ ಪ್ರಕಾರ ಆ ಹುಡುಗ್ರು ಮನೆಗೆ ವಾರಕ್ಕೊಂದ್ಸಲ ಫೋನ್ ಮಾಡ್ಬಹುದು, ಅದೂ 2019ರಿಂದೀಚೆಗೆ ಬಂದ ಸಡಿಲಿಕೆ, ಉಳಿದ ಆರು ದಿನ ಅಮ್ಮನ ಜಾಗದಲ್ಲಿ ಇವರೇ.

ಪ್ರ: ಅವರು ಕಾಫಿ ಮುಟ್ಟಲ್ವಂತೆ, ನಿಜಾನಾ?
– ಚಿಕ್ಕಮಗಳೂರಿನ ಕಾಫಿ ಬೆಳೆಗಾರರು

ನಿಜ ಸಾರ್. ಕಾಫಿ, ಟೀ, ಹೆಂಡ, ತಂಬಾಕು ನಾಲ್ಕೂ ಇಲ್ಲ. ನಿಮ್ಮ ತೋಟದ ಸ್ಯಾಂಪಲ್ ನಮ್ಮನೆಗೆ ಕಳ್ಸಿ, ಇಡೀ ಬೀದಿಯ ಪಾಲು ನಾನೊಬ್ಳೇ ಕುಡೀತೀನಿ.

ಪ್ರ: ನಮ್ಮನಿಯವ್ರು ರಿಟೈರ್ ಆಗಿ ಮನ್ಯಾಗ ಕುಂತಾರ್ರಿ. ದಿನಾ ಅಡಗಿಮನಿಗೆ ಬಂದು ಡಬ್ಬಿ ಇಲ್ಲ್ಯಾಕಿಟ್ಟಿ, ಗ್ಯಾಸ್ ಯಾಕ ಸಣ್ಣ ಮಾಡಿಲ್ಲ ಅಂತಾರ. ಅಂಥಾದ್ರಾಗ ಒಂದೂವರಿ ವರ್ಷ ಗಂಡ ಹೆಂಡ್ತಿ ಒಂದ ಆಫೀಸಿನ್ಯಾಗ, ಒಂದ ಗಾಡ್ಯಾಗ ಹೆಂಗ ಇರ್ತಾರ್ರಿ ಅವ್ರು?
– ಧಾರವಾಡದ ಓದುಗರು

ಅಕ್ಕಾರ, ಬಂದ ಪತ್ರದಾಗೆಲ್ಲಾ ನಿಮ್ದ ಭಾರಿ ಪ್ರಶ್ನೆ! ಮಿಷನ್ನಿನ ನಿಜವಾದ ಕಷ್ಟ ಸೊಳ್ಳೇನೂ ಅಲ್ಲ ಕರೆಂಟೂ ಅಲ್ಲ, ಇದೇ ಅಂತ ನನಗನ್ಸೋದು. ಯೋಚನೆ ಮಾಡಿ, ನಲವತ್ತು ವರ್ಷ ಸಂಸಾರ ಅಂದ್ರೂ ಅದ್ರಲ್ಲಿ ಬೆಳಗ್ಗೆಯಿಂದ ಸಂಜೆ ಅವನ ದಾರಿ ಅವನಿಗೆ ಅವಳ ದಾರಿ ಅವಳಿಗೆ, ಒಟ್ಟಿಗೆ ಕೆಲಸ ಅಂತ ಮಾಡಿದ್ದು ಮದುವೆ ಮುಂಜಿ ಸಮಯದಲ್ಲಿ ಮಾತ್ರ. ಇಲ್ಲಿ ಹುಡುಗ್ರಿಗೆ ಹೇಗೆ ಜೋಡಿ ಬಿಟ್ಟು ಹೋಗಬಾರದು ಅಂತ ರೂಲ್ ಇದ್ಯೋ ದಂಪತಿಗೆ ಅವರವರೇ ಜೋಡಿ, ಬೇರೆ ಸ್ನೇಹಿತರಿಲ್ಲ, ಗಂಡನಿಗೆ ಗಾಲ್ಫ್ ಇಲ್ಲ, ಹೆಂಡತಿಗೆ ಅಕ್ಕತಂಗೀರು ಇಲ್ಲ, ಸಿಟ್ಟು ಬಂದ್ರೆ ಹೋಗಿ ಕೂರೋಕೆ ಇನ್ನೊಂದು ರೂಮೂ ಕೆಲವು ಸಲ ಇರಲ್ಲ.

ಪಕ್ಕದ್ಮನೆಯವರ ಕಥೆ ಕೇಳಿ. ಆಫೀಸಲ್ಲಿ ದುಡ್ಡಿನ ಲೆಕ್ಕ ಆಂಟಿ ಕೈಲಿ, ಅಂಕಲ್ ಒಂದು ಬಲ್ಬ್ ತಂದ್ರೂ ಬಿಲ್ ತಂದು ಹೆಂಡತಿ ಟೇಬಲ್ ಮೇಲೆ ಇಡ್ಬೇಕು, ಬಿಲ್ ಇಲ್ಲಾಂದ್ರೆ ದುಡ್ಡಿಲ್ಲ. ಮನೇಲಿ ಚೆಕ್‌ಬುಕ್ ಯಾವಾಗ್ಲೂ ತಾನೇ ಇಟ್ಕೊಂಡಿದ್ದ ಗಂಡಸು, ಮೊದಲನೇ ಎರಡು ತಿಂಗಳು ಮುಖ ಊದಿಸ್ಕೊಂಡೇ ಇದ್ದರಂತೆ. ಆಮೇಲೆ ಗಾಡೀಲಿ ಜಗಳ, ಇವರು ಓಡಿಸೋದು, ಅವರು ಮೊಬೈಲಲ್ಲಿ ದಾರಿ ನೋಡಿ ಹೇಳೋದು, ಹೇಳೋ ಹೊತ್ತಿಗೆ ತಿರುವು ದಾಟಿರೋದು. ಒಂದಿನ ಹಾಗೇ ತಪ್ಪು ದಾರಿ ಹಿಡಿದು ಒಂದು ಸಾವಿನ ಮೆರವಣಿಗೆ ಮಧ್ಯ ಸಿಕ್ಕಾಕ್ಕೊಂಡ್ರು, ಘಾನಾದಲ್ಲಿ ಶನಿವಾರ ಬಂತಂದ್ರೆ ಕಪ್ಪು ಕೆಂಪು ಬಟ್ಟೆ ಹಾಕ್ಕೊಂಡು ಊರಿಗೂರೇ ಸೇರಿ ದೊಡ್ಡದಾಗಿ ಮಾಡ್ತಾರೆ ಇದನ್ನ, ಇವರನ್ನ ನೋಡಿ ಗಾಡಿ ಪಕ್ಕಕ್ಕೆ ಹಾಕ್ಸಿ, ಕುರ್ಚಿ ಕೊಟ್ಟು ಕೂರಿಸಿಬಿಟ್ರು. ಗಂಡ ಹೆಂಡತಿ ಜಗಳ ಅಲ್ಲೇ ನಿಂತುಹೋಯ್ತು, ಅಷ್ಟು ಜನರ ಮುಂದೆ ಹೇಗೆ ಮುಂದುವರಿಸ್ತಾರೆ!

ಕೊನೆಗೆ ಅವರೇ ಒಂದು ನಿಯಮ ಮಾಡ್ಕೊಂಡ್ರು, ಎದೆ ಮೇಲಿನ ಬ್ಯಾಡ್ಜ್ ತೆಗೆದಿಟ್ಟ ಮೇಲೆ ಆಫೀಸ್ ಮಾತು ಆಡೋ ಹಾಗಿಲ್ಲ. ಬ್ಯಾಡ್ಜ್ ಹಾಕ್ಕೊಂಡಿದ್ದಾಗ ಎಷ್ಟು ಬೇಕಾದ್ರೂ ಕಿತ್ತಾಡಬಹುದು. ನಿಮ್ಮ ಮನೆಯವ್ರಿಗೂ ಅಡಿಗೆಮನೆಗೆ ಬರೋ ಟೈಮಿಂಗ್ ಬರೆದು ಬಾಗಿಲಿಗೆ ಅಂಟಿಸ್ರಿ, ಜೊತೆಗೆ ತರಕಾರಿ ಲೆಕ್ಕ ಅವರ ಕೈಗೇ ಕೊಟ್ಟು ಬಿಲ್ ಕೇಳಿ ನೋಡ್ರಿ.

ಪ್ರ: ಸೇವೆ, ಹಾಸಿಗೆ, ನೀರಿನ ಫಿಲ್ಟರ್ ಅಂತೆಲ್ಲ ಚೆನ್ನಾಗಿ ಬರೀತೀರ. ಕೊನೆಗೆ ಇದು ಮತಾಂತರದ ವ್ಯವಸ್ಥೆ ತಾನೆ? ಅದನ್ನ ಯಾಕೆ ಮುಚ್ಚಿಡ್ತೀರ?
– ಮೈಸೂರಿನ ಓದುಗರು

ಮುಚ್ಚಿಡೋದೇನಿದೆ, ಹೌದು. ಬಾಗಿಲು ತಟ್ಟೋ ಹುಡುಗ್ರು ಹೋಗೋದೇ ಜನರನ್ನ ತಮ್ಮ ಚರ್ಚಿಗೆ ಸೇರಿಸೋಕೆ, ಅವರು ಅದನ್ನ ನೇರವಾಗೇ ಹೇಳ್ತಾರೆ, ಹಿರಿಯರು ಅದಕ್ಕೆ ಬೇಕಾದ ಆಫೀಸು ನಡೆಸ್ತಾರೆ. ಹಾಸಿಗೆ ತಲುಪಿಸೋದು ಬೇರೆ, ಧರ್ಮಪ್ರಚಾರ ಬೇರೆ ಅಂತ ನಾನೇನೂ ವಾದ ಮಾಡಲ್ಲ. ಇಷ್ಟ ಇಲ್ದೋರು ಬೇಡ ಅಂತ ಬಾಗಿಲು ಹಾಕ್ಬಹುದು, ನಾನು ಹಾಕಿದೀನಿ, ಆಮೇಲೂ ಪಕ್ಕದ್ಮನೆಯವರು ನಮ್ಮನೆಗೆ ಟೊಮೇಟೊ ಕೊಡೋದು ನಿಲ್ಲಿಸಿಲ್ಲ.

ಆದ್ರೆ ಘಾನಾದ ಕಥೆ ನೀವಂದ್ಕೊಂಡಷ್ಟು ಸಲೀಸಿಲ್ಲ ಸಾರ್. ಈ ಚರ್ಚಲ್ಲಿ 1978ರ ಜೂನ್ ತನಕ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯ ಕೊಡ್ತಿರಲಿಲ್ಲ. ಅದು ಅವರ ಇತಿಹಾಸದ ಕೆಟ್ಟ ಪುಟ, ನಾನು ಹಾಗೇ ಹೇಳೋದು. ಅಂಥ ಕಾಲದಲ್ಲೇ ಘಾನಾದಲ್ಲಿ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಅನ್ನೋರು ಆ ಚರ್ಚಿನ ಪುಸ್ತಕ ಓದಿ, ಯಾರೂ ಬರದೇ ಇದ್ರೂ 1964ರಿಂದಲೇ ಕೇಪ್ ಕೋಸ್ಟ್ ಸುತ್ತಮುತ್ತ ತಾವೇ ಸಭೆಗಳನ್ನ ಕಟ್ಟಿ ನಡೆಸ್ತಿದ್ರು. ನಮಗೆ ಯಾರನ್ನಾದ್ರೂ ಕಳ್ಸಿ ಅಂತ ಅಲ್ಲಿಂದ ಸಾಲ್ಟ್ ಲೇಕ್‌ಗೆ ಕಾಗದ ಹೋಗ್ತಾನೇ ಇತ್ತು. ನಿಷೇಧ ತೆಗೆದ ಮೇಲೆ ಅದೇ ವರ್ಷ ನವೆಂಬರ್‌ನಲ್ಲಿ ನೈಜೀರಿಯಾ, ಘಾನಾ ಎರಡಕ್ಕೂ ಸೇರಿಸಿ ಯಾರನ್ನ ಕಳ್ಸಿದ್ರು ಗೊತ್ತಾ? ಎರಡು ಹಿರಿಯ ದಂಪತಿಗಳನ್ನ! ರೆಂಡಲ್ ಮತ್ತು ರೇಚಲ್ ಮೇಬಿ, ಎಡ್ವಿನ್ ಮತ್ತು ಜ್ಯಾನತ್ ಕ್ಯಾನನ್. ಡಿಸೆಂಬರ್‌ನಲ್ಲಿ ಕೇಪ್ ಕೋಸ್ಟ್ ಹತ್ರ ದೀಕ್ಷಾಸ್ನಾನ ಶುರುವಾದಾಗ ಜಾನ್ಸನ್ ಅವರ ಸಭೆಯ ಜನ ಆಗ್ಲೇ ಹದಿನಾಲ್ಕು ವರ್ಷದಿಂದ ಕಾದು ಕೂತಿದ್ದೋರು. ಇಲ್ಲಿ ಯಾರು ಯಾರನ್ನ ಕರೆದ್ರು ಅಂತ ನೀವೇ ನೋಡಿ.

ಇನ್ನೂ ಒಂದಿದೆ. 1989ರ ಜೂನ್‌ನಲ್ಲಿ ಘಾನಾ ಸರ್ಕಾರ ಈ ಚರ್ಚಿನ ಚಟುವಟಿಕೆ ಎಲ್ಲ ನಿಲ್ಲಿಸಿ ಹೊರಗಿನ ಮಿಷನರಿಗಳನ್ನ ದೇಶ ಬಿಡಿಸ್ತು, ಮತ್ತೆ ಅನುಮತಿ ಸಿಕ್ಕಿದ್ದು 1990ರ ನವೆಂಬರ್‌ನಲ್ಲಿ. ಅಷ್ಟೂ ದಿನ ಚರ್ಚ್ ಕಟ್ಟಡಗಳಿಗೆ ಬೀಗ, ಊರಿನ ಜನ ತಮ್ಮ ತಮ್ಮ ಮನೇಲೇ ಪ್ರಾರ್ಥನೆ ಮಾಡ್ಕೊಂಡು ಉಳಿಸ್ಕೊಂಡ್ರು. ಈಗಲೂ ನಡೆಸೋರು ಘಾನಾದೋರೇ. ನಮ್ಮೂರಲ್ಲೂ ಇದಾರೆ ಇವರು, ಬೆಂಗಳೂರಿನ ಮಿಷನ್ ಶುರುವಾಗಿದ್ದು 1993ರಲ್ಲಿ, ಬೆಂಗಳೂರಲ್ಲಿ ಟೆಂಪಲ್, ಅಂದ್ರೆ ಅವರ ಪವಿತ್ರ ಮಂದಿರ, ಕಟ್ತೀವಿ ಅಂತ ಘೋಷಣೆ ಆಗಿದ್ದು 2018ರಲ್ಲಿ.

ಪ್ರ: ನಾವಿರೋದು ಘಾನಾದ ತೇಮಾದಲ್ಲೇ, ಯಜಮಾನ್ರಿಗೆ ಇಲ್ಲಿ ಫ್ಯಾಕ್ಟರಿ ಕೆಲಸ. ನಮ್ಮ ಕಾಂಪೌಂಡ್‌ನಲ್ಲಿ ಇಂಥದೇ ಬ್ಯಾಡ್ಜ್ ಹಾಕಿರೋ ಒಬ್ಬರು ಅಜ್ಜ ಅಜ್ಜಿ ಬಂದಿದಾರೆ. ಊಟಕ್ಕೆ ಕರೀಬೇಕು ಅಂತಿದೀನಿ, ಏನು ಮಾಡ್ಲಿ?
– ತೇಮಾದ ಓದುಗರು

ಧಾರಾಳವಾಗಿ ಕರೀರಿ. ಮಾಂಸ ತಿಂತಾರೆ, ಆದ್ರೆ ನಮ್ಮ ಸೊಪ್ಪಿನ ಹುಳಿ, ಚಿತ್ರಾನ್ನ, ಪಲ್ಯಕ್ಕೂ ಬೇಡ ಅನ್ನಲ್ಲ, ಖಾರ ಮಾತ್ರ ನಮ್ಮ ಮಕ್ಕಳಿಗೆ ಹಾಕೋ ಅಷ್ಟೇ ಹಾಕಿ. ಅಲ್ಲಿ ಸಿಗೋ ಬಾಳೆಕಾಯಿ, ಬೆಂಡೆಕಾಯಿ, ಶೇಂಗಾ ಎಲ್ಲಾ ನಮ್ಮದೇ ಸಾಮಾನು ತಾನೆ. ಟೀ ಕಾಫಿ ಬದಲು ಮಜ್ಜಿಗೆನೋ ಪಾನಕಾನೋ ಕೊಡಿ. ತಿಂಗಳ ಮೊದಲನೇ ಭಾನುವಾರ ಕರೀಬೇಡಿ, ಅವತ್ತು ಎರಡು ಹೊತ್ತು ಉಪವಾಸ ಇರ್ತಾರೆ. ಉಳಿದ ಭಾನುವಾರ ಹೋಟೆಲಿಗೆ ಹೋಗಲ್ಲ, ಅಂಗಡಿಗೂ ಹೋಗಲ್ಲ, ಹಾಗಾಗಿ ಮನೆ ಊಟಕ್ಕೆ ಕರೆದ್ರೆ ಖುಷಿ ಪಡ್ತಾರೆ. ಇನ್ನೊಂದು ವಿಷಯ, ಎಡಗೈಯಲ್ಲಿ ಏನೂ ಕೊಡಬಾರದು ತಗೋಬಾರದು ಅನ್ನೋದು ಘಾನಾದಲ್ಲೂ ನಮ್ಮ ಹಾಗೇ ಇದೆಯಲ್ಲ, ಪಾಪ ನಮ್ಮ ಅಂಕಲ್ ಎಡಚ, ಮೊದಮೊದಲು ಅಂಗಡೀಲಿ ದುಡ್ಡು ಕೊಟ್ಟಾಗೆಲ್ಲ ಬೈಸ್ಕೊಂಡಿದ್ರು. ನಿಮ್ಮ ಅಜ್ಜನಿಗೆ ಗೊತ್ತಿಲ್ಲಾಂದ್ರೆ ಮೆಲ್ಲಗೆ ಹೇಳಿಬಿಡಿ, ಊರಿನೋರು ಹಿರಿಯರು ಅಂತ ಬಾಯಿಬಿಟ್ಟು ಹೇಳಲ್ಲ.

ಪ್ರ: ಮೊಮ್ಮಗು ಹುಟ್ಟಿದ್ರೆ, ಮನೇಲಿ ಯಾರಾದ್ರೂ ತೀರಿಕೊಂಡ್ರೆ ಬರೋಕೆ ಬಿಡ್ತಾರಾ?
– ಶಿವಮೊಗ್ಗದ ಓದುಗರು

ಬಿಡ್ತಾರೆ, ಸ್ವಂತ ಖರ್ಚಲ್ಲಿ ಸ್ವಲ್ಪ ದಿನದ ಮಟ್ಟಿಗೆ ಬಂದು ಹೋಗಬಹುದು, ಹುಡುಗ್ರಿಗಿರೋ ಕಟ್ಟುನಿಟ್ಟು ಇವರಿಗಿಲ್ಲ. ಫೋನು, ವಿಡಿಯೋ ಕಾಲ್ ಯಾವಾಗ ಬೇಕಾದ್ರೂ ಮಾಡ್ಬಹುದು. ಆದ್ರೂ ಅಕ್ರಾದಿಂದ ಯೂಟಾಕ್ಕೆ ನೇರ ಫ್ಲೈಟಿಲ್ಲ, ಹೋಗಿಬರೋ ಖರ್ಚು ನೋಡಿದ್ರೆ ಎಲ್ಲಾದಕ್ಕೂ ಬರೋಕಾಗಲ್ಲ. ನಮ್ಮ ಆಂಟಿ ಅಣ್ಣ ತೀರಿಕೊಂಡಾಗ ಬಂದ್ರು, ಮೊಮ್ಮಗಳು ಹುಟ್ಟಿದಾಗ ಬರ್ಲಿಲ್ಲ, ಫೋನಲ್ಲೇ ನೋಡಿದ್ರು. ಆ ವಿಷಯ ಬಂದ್ರೆ ಈಗಲೂ ಮಗಳು ಸ್ವಲ್ಪ ಮುಖ ತಿರುಗಿಸ್ತಾಳೆ. ಘಾನಾದಲ್ಲಿ ಮಗು ಯಾವ ವಾರ ಹುಟ್ಟಿತೋ ಆ ದಿನಕ್ಕೆ ತಕ್ಕ ಹಾಗೆ ಒಂದು ಹೆಸರು ಇರುತ್ತೆ, ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ. ಮೊಮ್ಮಗಳು ಹುಟ್ಟಿದ್ದು ಶನಿವಾರ, ಅಲ್ಲಿ ಆಫೀಸಿನೋರೆಲ್ಲ ಅಮಾ ಹೇಗಿದಾಳೆ ಅಂತ ಕೇಳಿ ಕೇಳಿ ಇವರಿಗೂ ಅದೇ ರೂಢಿ ಆಗಿ ಮಗುವನ್ನ ಇಬ್ರೂ ಹಾಗೇ ಕರೀತಾರೆ, ಅದೂ ಮಗಳಿಗೆ ಇಷ್ಟ ಇಲ್ಲ!

ಪ್ರ: ನಾವು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಇಬ್ಬರೂ ಬ್ಯಾಂಕಿನಿಂದ ನಿವೃತ್ತರು. ನಾವೂ ಈ ರೀತಿ ಹೋಗಬಹುದಾ?
– ಮಂಗಳೂರಿನ ಓದುಗರು

ಈ ಚರ್ಚಿನ ಮಿಷನ್ನಿಗೆ ಅದರ ಸದಸ್ಯರೇ ಆಗಿರಬೇಕು, ಹಾಗಾಗಿ ಇದರಲ್ಲಿ ಆಗಲ್ಲ. ನಿಮ್ಮ ಊರಿಗೆ ಮಿಷನ್ ಅಂದ್ರೆ ಹೊಸದೇನಲ್ಲವಲ್ಲ, ಬಾಸೆಲ್ ಮಿಷನ್ನಿನೋರು ಮಂಗಳೂರಲ್ಲಿ ಇಳಿದಿದ್ದೇ 1834ರಲ್ಲಿ. ಆದ್ರೆ ಅವರು ಬರ್ತಿದ್ದಿದ್ದು ಎಳೇ ವಯಸ್ಸಲ್ಲಿ, ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು, ನಿಘಂಟು ಅಚ್ಚಾಗಿದ್ದು 1894ರಲ್ಲಿ, ಅಂದ್ರೆ ಆಯಸ್ಸೇ ಇದಕ್ಕೆ ಹೋಯ್ತು. ರಿಟೈರ್ ಆಗಿ, ಪೆನ್ಷನ್ ಬರ್ತಾ, ಒಂದೂವರೆ ವರ್ಷಕ್ಕೆ ರಿಟರ್ನ್ ಟಿಕೆಟ್ ಇಟ್ಕೊಂಡು ಹೋಗೋದು ಬೇರೇನೇ ಲೆಕ್ಕ. ಬ್ಯಾಂಕಿನೋರು ಅಂತೀರ, ಲೆಕ್ಕಪತ್ರ ಬಲ್ಲೋರು ಎಲ್ಲಾ ಸಂಸ್ಥೆಗೂ ಬೇಕು. ಮೊದ್ಲು ನಿಮ್ಮ ಡಯಾಸಿಸ್ ಆಫೀಸಲ್ಲೇ ಕೇಳಿ, ಅಲ್ಲಿನ ಆಸ್ಪತ್ರೆ, ಹಾಸ್ಟೆಲ್ಲು, ಶಾಲೆಗಳಲ್ಲಿ ಯಾವುದಕ್ಕೆ ಜನ ಬೇಕಾಗಿದೆ ಅಂತ. ಒಂದು ಮಾತ್ರ ಮರೀಬೇಡಿ, ಅರ್ಜಿ ಕೊಡೋಕೆ ಮುಂಚೆ ಇಬ್ರೂ ಒಂದು ತಿಂಗಳು ಒಂದೇ ಟೇಬಲ್ಲಲ್ಲಿ ಕೂತು ಮನೆ ಲೆಕ್ಕ ಬರೆದು ನೋಡಿ.